ಡಮಾಸ್ಕಸ್

ಹಳೆಯ 28 ಬೋರಿನ ಜೋಡಿನಳಿಗೆ ಕೋವಿಗಳ ಸಂಗ್ರಾಹಕರು ಮೆಚ್ಚುವ ಸುರುಳಿ ವಿನ್ಯಾಸದ ನಳಿಗೆಗೆ ‘ಡಮಾಸ್ಕಸ್’ ಎಂದು ಹೆಸರು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇವು ಹೆಚ್ಚಾಗಿ ತಯಾರಾದದ್ದು ಸಿರಿಯಾದಲ್ಲಲ್ಲ. ಬೆಲ್ಜಿಯಂನ ಲಿಯೇಜ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ಕುಲುಮೆಗಳಲ್ಲಿ. ಕಬ್ಬಿಣ, ಉಕ್ಕಿನ ಸರಳುಗಳನ್ನು ಬೆಸೆದು, ಹುರಿಗೊಳಿಸಿ, ಪಟ್ಟಿಯಾಗಿಸಿ, ಸುರುಳಿ ಸುತ್ತಿ, ಕಾಸಿ ಬಡಿದು ಕೊಳವೆ ಮಾಡುತ್ತಿದ್ದರು. ಆಮ್ಲ ತಾಗಿದಾಗ ಎರಡು ಲೋಹಗಳೂ ಬೇರೆ ಬೇರೆ ಬಣ್ಣ ತಳೆದು ವಿನ್ಯಾಸ ಮೂಡುತ್ತಿತ್ತು.

ಹಾಗಾದರೆ ಹೆಸರೇ ಸುಳ್ಳೆ? ಅಲ್ಲ, ಅದು ಡಮಾಸ್ಕಸ್ ಖಡ್ಗಗಳೊಂದಿಗಿನ ರೂಪಸಾಮ್ಯದಿಂದ ಬಂದದ್ದು. ಆ ಖಡ್ಗಗಳ ಅಲೆಗೆರೆ ಮೂಸೆಯಲ್ಲಿ ಕರಗಿಸಿದ ಉಕ್ಕಿನ ಒಳಗುಣ. ದಕ್ಷಿಣ ಭಾರತದಿಂದಲೂ ಹೋಗುತ್ತಿದ್ದ ಆ ಉಕ್ಕಿನ ಇಂಗ್ಲಿಷ್ ಹೆಸರು ‘ವೂಟ್ಜ್’. ಅದಕ್ಕೆ ನಮ್ಮ ‘ಉಕ್ಕು’ ಪದವೇ ಮೂಲವೆಂದು ಹಲವು ವಿದ್ವಾಂಸರ ಮತ. ನಳಿಗೆಯದಾದರೋ ಬೆಸುಗೆಯ ಗೆರೆ. ಎರಡನ್ನೂ ಒಂದೇ ಎಂದುಕೊಂಡರೆ, ಸುಮಾರು 14 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಅಷ್ಟು ಸೂಕ್ಷ್ಮ ಹೆಣಿಗೆ ಸಾಧಿಸಿದ ಕಮ್ಮಾರರಿಗೆ ನಾವು ಅನ್ಯಾಯ ಮಾಡುತ್ತೇವೆ.