ಏಟಿಗೆ ಎದುರೇಟು: ಹಿಮದ ಹಾಕಿಯ ದಂಡನೀತಿ

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಯಲು, ಬಿಳಿಯ ಚೆಂಡು, ಧ್ಯಾನ್‌ಚಂದರ ಕೋಲಿನ ಚಮತ್ಕಾರ. ಕೆನಡಾ ದೇಶದವರನ್ನು ಕೇಳಿದರೆ ಅವರು ಹೇಳುವ ಹಾಕಿಯೇ ಬೇರೆ. ಅಲ್ಲಿ ಆಟದ ಕಣವೆಂದರೆ ಹೆಪ್ಪುಗಟ್ಟಿದ ನೀರು. ಆಟಗಾರರ ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ. ಚೆಂಡಿಗೆ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಮೈಗೆ ಮೈ ಅಪ್ಪಳಿಸಿ ಎದುರಾಳಿಯನ್ನು ತಡೆಯುವುದು ಅಲ್ಲಿ ತಪ್ಪಲ್ಲ, ಆಟದ ಒಂದು ಅಂಗ. ರಭಸದಿಂದ ಜಾರುವ ಮೈ, ಕೈಯಲ್ಲಿ ಉದ್ದನೆಯ ಕೋಲು, ಕೆರಳಿದ ಮನಸ್ಸು, ಈ ಮೂರೂ ಕೂಡಿದಲ್ಲಿ ಏನಾದೀತೆಂಬುದನ್ನು ಓದುಗರು ಊಹಿಸಬಲ್ಲರು.

ನಮ್ಮಲ್ಲಿ ‘ದಂಡ’ ಎಂಬ ಒಂದೇ ಶಬ್ದಕ್ಕೆ ಕೋಲು ಎಂದೂ ಅರ್ಥ, ಶಿಕ್ಷೆ ಎಂದೂ ಅರ್ಥ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ತೋರಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ದಂಡಪಾರುಷ್ಯ’ವೆಂಬ ಒಂದು ಪ್ರಕರಣವಿದೆ. ಮೈಮುಟ್ಟುವುದು, ಕೈಯೆತ್ತಿ ಬೆದರಿಸುವುದು, ಹೊಡೆಯುವುದು ಎಂದು ಅಲ್ಲಿ ಅಪರಾಧವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಜಗಳದಲ್ಲಿ ಮೊದಲು ಬಂದು ದೂರಿದವನೇ ಗೆಲ್ಲಬೇಕೆಂದು ಹಿಂದಿನ ಆಚಾರ್ಯರು ಹೇಳಿದರೆ, ಕೌಟಿಲ್ಯ ಅದನ್ನು ಒಪ್ಪುವುದಿಲ್ಲ. ಮೊದಲು ಬರಲಿ, ಆಮೇಲೆ ಬರಲಿ, ಸಾಕ್ಷಿಗಳನ್ನು ಕೇಳಿಯೇ ತೀರ್ಮಾನಿಸಬೇಕೆನ್ನುತ್ತಾನೆ. ಕೋಲಿನ ಏಟಿಗೆ ತಕ್ಕ ಶಿಕ್ಷೆ ಯಾವುದು, ಕೆರಳಿಸಿದವನ ಪಾಲೆಷ್ಟು, ಕೆರಳಿ ಹೊಡೆದವನ ಪಾಲೆಷ್ಟು ಎಂಬ ಪ್ರಶ್ನೆ ಅಷ್ಟು ಹಳೆಯದು. 1917ರಲ್ಲಿ ಹುಟ್ಟಿದ ನ್ಯಾಷನಲ್ ಹಾಕಿ ಲೀಗ್ ಎಂಬ ವೃತ್ತಿಪರ ಸಂಸ್ಥೆ ಅದೇ ಪ್ರಶ್ನೆಯೊಡನೆ ಮತ್ತೆ ಮತ್ತೆ ಹೆಣಗಿದೆ.

1933ರ ಡಿಸೆಂಬರ್ 12ರಂದು ಬಾಸ್ಟನ್ ನಗರದಲ್ಲಿ ನಡೆದುದನ್ನು ಮೊದಲು ನೋಡೋಣ. ಟೊರೊಂಟೊ ಪಕ್ಷದ ಕಿಂಗ್ ಕ್ಲಾನ್ಸಿ ಎಂಬಾತ ಬಾಸ್ಟನ್ನಿನ ಎಡ್ಡಿ ಶೋರ್‌ನನ್ನು ಕೆಡವಿದ. ಎದ್ದು ಬಂದ ಶೋರ್ ಸೇಡು ತೀರಿಸಿದ್ದು ಕ್ಲಾನ್ಸಿಯ ಮೇಲಲ್ಲ. ಏಸ್ ಬೇಲಿ ಎಂಬಾತನ ಮೇಲೆ, ಅದೂ ಹಿಂದಿನಿಂದ. ಬೇಲಿಯ ತಲೆ ಮಂಜುಗಡ್ಡೆಗೆ ಬಡಿದು ಬುರುಡೆ ಒಡೆಯಿತು. ಪ್ರಾಣವೇನೋ ಉಳಿಯಿತು, ಆಟ ಅಂದಿಗೇ ಮುಗಿಯಿತು. ಶೋರ್‌ಗೆ 16 ಪಂದ್ಯಗಳ ಬಹಿಷ್ಕಾರ. ಮರುವರ್ಷದ ಫೆಬ್ರವರಿ 14ರಂದು ಬೇಲಿಯ ಸಹಾಯಾರ್ಥ ನಡೆದ ಪಂದ್ಯದಲ್ಲಿ ಇಬ್ಬರೂ ಜನರೆದುರಿಗೆ ಕೈ ಕುಲುಕಿದರು. ಕ್ಷಮೆ ದೊಡ್ಡದು, ನಿಜ. ಆದರೂ ಒಬ್ಬನಿಗೆ ಹೋದದ್ದು 16 ಪಂದ್ಯ, ಇನ್ನೊಬ್ಬನಿಗೆ ಹೋದದ್ದು ಇಡೀ ಬಾಳಿನ ವೃತ್ತಿ. ಸೇಡೆಂಬುದು ತನ್ನ ಗುರಿಯನ್ನು ಸಹ ಸರಿಯಾಗಿ ಆರಿಸಿಕೊಳ್ಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇನ್ನು 1955ರ ಪ್ರಸಂಗ. ಮಾಂಟ್ರಿಯಲ್ ಪಕ್ಷದ ಮೋರಿಸ್ ರಿಚರ್ಡ್ ಫ್ರೆಂಚ್ ಭಾಷೆಯ ಕೆನಡಿಯನ್ನರ ಕಣ್ಮಣಿ. 1944-45ರ ಋತುವಿನಲ್ಲಿ 50 ಪಂದ್ಯಗಳಿಗೆ 50 ಗೋಲು ಹೊಡೆದ ವೀರ. ಮಾರ್ಚ್ 13ರಂದು ಬಾಸ್ಟನ್ನಿನಲ್ಲಿ ಹಾಲ್ ಲೇಕೋ ಎಂಬಾತನ ಕೋಲು ತಗಲಿ ರಿಚರ್ಡನ ತಲೆಯಿಂದ ರಕ್ತ ಸುರಿಯಿತು. ರಿಚರ್ಡ್ ಕೆರಳಿ ಲೇಕೋವನ್ನು ಕೋಲಿನಿಂದ ಮತ್ತೆ ಮತ್ತೆ ಬಾರಿಸಿದ. ತಡೆಯಬಂದ ಕ್ಲಿಫ್ ಥಾಂಪ್ಸನ್ ಎಂಬ ರೇಖಾಧಿಕಾರಿಗೂ ಮುಷ್ಟಿಯ ಪೆಟ್ಟು ಬಿತ್ತು. ಅದೇ ಋತುವಿನಲ್ಲಿ ಇನ್ನೊಬ್ಬ ಅಧಿಕಾರಿಯ ಮೇಲೆ ಕೈಮಾಡಿ ಅವನು ದಂಡ ತೆತ್ತಿದ್ದುದೂ ಉಂಟು. ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್, ವೃತ್ತಿಯಿಂದ ವಕೀಲ. ವಿಚಾರಣೆ ನಡೆಸಿ, ಉಳಿದ ಮೂರು ಪಂದ್ಯಗಳಿಂದಲೂ ಮುಂದಿನ ಕಪ್ಪಿನ ಪಂದ್ಯಗಳೆಲ್ಲದರಿಂದಲೂ ರಿಚರ್ಡನನ್ನು ಹೊರಗಿಟ್ಟ. ಲೇಕೋಗೆ ಬಹಿಷ್ಕಾರವಿಲ್ಲ.

ಮಾರ್ಚ್ 17ರಂದು ಮಾಂಟ್ರಿಯಲ್‌ನಲ್ಲಿ ಡೆಟ್ರಾಯಿಟ್ ಪಕ್ಷದೊಡನೆ ಪಂದ್ಯ. ಕ್ಯಾಂಪ್‌ಬೆಲ್ ಅಲ್ಲಿಗೆ ಬಂದು ಕುಳಿತುದೇ ತಡ, ಜನ ಅವನ ಮೇಲೆ ಟೊಮ್ಯಾಟೊ, ಮೊಟ್ಟೆಗಳನ್ನೆಸೆದರು. ಅಶ್ರುವಾಯು ಸಿಡಿಯಿತು. 4-1ರಿಂದ ಮುಂದಿದ್ದ ಡೆಟ್ರಾಯಿಟ್‌ಗೇ ಪಂದ್ಯವನ್ನು ಒಪ್ಪಿಸಿ ಸಭಾಂಗಣವನ್ನು ತೆರವು ಮಾಡಿಸಲಾಯಿತು. ಹೊರಗೆ ಸೇಂಟ್ ಕ್ಯಾಥರೀನ್ ಬೀದಿಯಲ್ಲಿ ಅಂಗಡಿಗಳ ಗಾಜು ಪುಡಿಯಾಯಿತು, ಸೂರೆಯಾಯಿತು. ಮರುದಿನ ರಿಚರ್ಡನೇ ರೇಡಿಯೋ, ಟೆಲಿವಿಷನ್‌ಗಳ ಮೂಲಕ ಫ್ರೆಂಚ್, ಇಂಗ್ಲಿಷ್ ಎರಡು ಭಾಷೆಗಳಲ್ಲೂ ಮಾತನಾಡಿ, ತಾನು ಶಿಕ್ಷೆಯನ್ನು ಒಪ್ಪಿ ಮುಂದಿನ ವರ್ಷ ಹಿಂತಿರುಗುವೆನೆಂದೂ ಜನ ಶಾಂತರಾಗಬೇಕೆಂದೂ ಬೇಡಿಕೊಂಡ. ಊರು ತಣ್ಣಗಾಯಿತು. ಪೊಲೀಸರ ಕೋಲಿನಿಂದ ಆಗದ್ದು ಒಂದು ದನಿಯಿಂದ ಆಯಿತು.

ಶಿಕ್ಷೆ ಅನ್ಯಾಯವಾಗಿತ್ತೆ? ಓದುಗರು ನಿಧಾನವಾಗಿ ತೂಗಬೇಕು. ರಿಚರ್ಡ್ ಮೊದಲ ಏಟಿಗೆ ಒಡನೆಯೇ ತಿರುಗಿ ಬಿದ್ದಿದ್ದರೆ ಅದು ಮನುಷ್ಯಸಹಜವೆನ್ನಬಹುದಾಗಿತ್ತು. ಆದರೆ ಹಿಡಿದವರಿಂದ ಕೊಸರಿಕೊಂಡು ಹೋಗಿ ಮತ್ತೆ ಹೊಡೆದದ್ದು, ನಡುವೆ ಬಂದವನಿಗೆ ಹೊಡೆದದ್ದು, ಇವಕ್ಕೆ ಕೆರಳಿಕೆಯ ಸಮಾಧಾನ ಸಾಲದು. ಆಟಗಾರ ದೊಡ್ಡವನೆಂದು ತಪ್ಪು ಚಿಕ್ಕದಾಗುವುದೂ ಇಲ್ಲ. ಆದುದರಿಂದ ರಿಚರ್ಡನಿಗೆ ಭಾರಿ ಶಿಕ್ಷೆ ಆದುದು ಸರಿ. ಕೊರತೆ ಇದ್ದುದು ಎರಡು ಕಡೆ. ಒಂದು, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಲೇಕೋನ ಪಾಲನ್ನು ಜನ ಕಾಣುವಂತೆ ತೂಗಲಿಲ್ಲ. ಭಾಷೆಯ ಮೇಲೆ ಮೊದಲೇ ನೊಂದಿದ್ದವರಿಗೆ ಅದು ಪಕ್ಷಪಾತವಾಗಿಯೇ ಕಂಡಿತು. ಇನ್ನೊಂದು, ‘ಋತು ಮುಗಿಯುವವರೆಗೆ’ ಎಂಬ ಅಳತೆ. ಇದೇ ತಪ್ಪು ಋತುವಿನ ಆರಂಭದಲ್ಲಿ ನಡೆದಿದ್ದರೆ ಆ ಮಾತಿಗೆ ಅರ್ಥ ಹತ್ತಾರು ಪಂದ್ಯ. ಮಾರ್ಚಿಯಲ್ಲಿ ಮೂರು ಪಂದ್ಯ ಮತ್ತು ಕಪ್ಪು. ತಪ್ಪನ್ನು ಅಳೆದದ್ದು ಪಂಚಾಂಗವೇ ಹೊರತು ನ್ಯಾಯವಲ್ಲ.

1969ರ ಸೆಪ್ಟೆಂಬರ್ 21ರಂದು ಆಟವಾ ನಗರದ ಒಂದು ಪ್ರದರ್ಶನ ಪಂದ್ಯದಲ್ಲಿ ಟೆಡ್ ಗ್ರೀನ್ ಮತ್ತು ವೇಯ್ನ್ ಮಾಕಿ ಕೋಲುಗಳಿಂದಲೇ ಹೊಡೆದಾಡಿದರು. ಗ್ರೀನನ ತಲೆಬುರುಡೆ ಒಡೆಯಿತು. ಈ ಸಲ ಇಬ್ಬರಿಗೂ ಲೀಗಿನ ಶಿಕ್ಷೆಯಾಯಿತು, ಇಬ್ಬರೂ ನ್ಯಾಯಾಲಯದ ಕಟಕಟೆಯನ್ನು ಹತ್ತಿದರು. 1970ರಲ್ಲಿ ಇಬ್ಬರೂ ಬಿಡುಗಡೆಯಾದರು. ಮಾಕಿಯದು ಆತ್ಮರಕ್ಷಣೆ ಎಂದು ಒಪ್ಪಲಾಯಿತು.

ಹಾಗೆಂದು ಆಟದ ಕಣ ಕಾನೂನಿನ ಗಡಿಯಾಚೆ ಇದೆಯೆಂದು ತಿಳಿಯಬಾರದು. 2000ದ ಫೆಬ್ರವರಿ 21ರಂದು ವ್ಯಾಂಕೂವರ್‌ನಲ್ಲಿ, ಪಂದ್ಯ ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ, ಮಾರ್ಟಿ ಮೆಕ್‌ಸಾರ್ಲಿ ಹಿಂದಿನಿಂದ ಡೊನಾಲ್ಡ್ ಬ್ರಷೇರನ ತಲೆಗೆ ಕೋಲು ಬೀಸಿದ. ಮೊದಲು ವಿಧಿಸಿದ್ದು ಋತುವಿನಲ್ಲಿ ಉಳಿದ 23 ಪಂದ್ಯಗಳ ಬಹಿಷ್ಕಾರ. ಆಮೇಲೆ ಅದನ್ನು ಒಂದು ವರ್ಷಕ್ಕೆ ಏರಿಸಿದರು. ಆಯುಧದಿಂದ ಹಲ್ಲೆ ಮಾಡಿದ ತಪ್ಪಿತಸ್ಥನೆಂದು ಅದೇ ಅಕ್ಟೋಬರಿನಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಸೆರೆಮನೆಗೆ ಕಳುಹಿಸದೆ 18 ತಿಂಗಳ ಷರತ್ತಿನ ಮೇಲೆ ಬಿಟ್ಟಿತು. ಪಂಚಾಂಗದ ಅಳತೆ ಸಾಲದೆಂದು ಲೀಗ್ ಆ ವೇಳೆಗೆ ಅರಿತಿತ್ತೆಂದೇ ಹೇಳಬಹುದು.

ಈ ಚರಿತ್ರೆಯನ್ನು ಓದಿದ ಮೇಲೆ ನನಗೆ ತೋರುವುದಿಷ್ಟು. ಮೊದಲ ಏಟನ್ನು ತೀರ್ಪುಗಾರ ಆಗಲೇ ಕಂಡು ದಂಡಿಸಬೇಕು. ಅವನು ಕಾಣದೆ ಹೋದರೆ ಏಟು ತಿಂದವನು ತಾನೇ ತೀರ್ಪುಗಾರನಾಗುತ್ತಾನೆ. ಕೆರಳಿಕೆಯನ್ನು ಲೆಕ್ಕಕ್ಕೆ ಹಿಡಿಯಲಿ, ಆದರೆ ಅದು ಕ್ಷಣದ ಕೆರಳಿಕೆಯಾಗಿರಲಿ. ಗಾಯ ಎಷ್ಟು ದೊಡ್ಡದೆಂಬುದು ಅನೇಕ ವೇಳೆ ದೈವದ ಕೈಯಲ್ಲಿದೆ. ಕೋಲನ್ನು ತಲೆಯ ಎತ್ತರಕ್ಕೆ ಎತ್ತುವುದು ಆಟಗಾರನ ಕೈಯಲ್ಲಿಯೇ ಇದೆ. ಶಿಕ್ಷೆಯ ಮುಖ್ಯ ಅಳತೆ ಆ ಎತ್ತಿದ ಕೈಯಾಗಬೇಕು. ಮತ್ತು ಎಷ್ಟು ಪಂದ್ಯವೆಂದು ಎಣಿಸಿ ಹೇಳಬೇಕು. ಋತು ಮುಗಿದರೂ ಎಣಿಕೆ ನಿಲ್ಲಬಾರದು.

ಮಕ್ಕಳು ಜಗಳವಾಡಿ ಬಂದಾಗ ‘ಅವನೇ ಮೊದಲು ಹೊಡೆದದ್ದು’ ಎಂಬ ಮಾತನ್ನು ಕೇಳದ ಮನೆ ನಮ್ಮಲ್ಲಿ ಯಾವುದಿದೆ? ಆ ಮಾತನ್ನು ತಳ್ಳಿಹಾಕಬೇಡಿ, ಪೂರ್ತಿಯಾಗಿ ಕೇಳಿ. ಕೇಳಿದ ಮೇಲೆ, ಎರಡನೆಯ ಏಟಿಗೂ ಉತ್ತರ ಕೇಳಿ.