ಪಟ್ಟಿಯಲ್ಲಿ ಹೆಸರಿಲ್ಲದ ಭಕ್ತರು

1907ರ ಅಕ್ಟೋಬರ್ 27ರಂದು ಕಲ್ಕತ್ತೆಯ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ ಬ್ರಹ್ಮಬಾಂಧವ ಉಪಾಧ್ಯಾಯರು ತೀರಿಕೊಂಡರು. ‘ಸಂಧ್ಯಾ’ ಪತ್ರಿಕೆಯ ಬರಹಗಳಿಗಾಗಿ ರಾಜದ್ರೋಹದ ಮೊಕದ್ದಮೆ ಎದುರಿಸುತ್ತಿದ್ದ ಈ ಸನ್ಯಾಸಿ, ಪರಕೀಯ ಸರ್ಕಾರದ ಕೋರ್ಟಿಗೆ ತಾನು ಉತ್ತರ ಹೇಳಬೇಕಾದ್ದಿಲ್ಲ ಎಂದಿದ್ದರು. ಹರ್ನಿಯಾ ಶಸ್ತ್ರಚಿಕಿತ್ಸೆಯ ನಂತರ ಧನುರ್ವಾಯು ತಗುಲಿ ಜೀವ ಹೋಯಿತು. 1891ರಲ್ಲಿ ದೀಕ್ಷಾಸ್ನಾನ ಪಡೆದು ಕ್ಯಾಥೊಲಿಕ್ ಧರ್ಮಸಭೆ ಸೇರಿದ್ದವರು, ಕ್ರಿಸ್ತನನ್ನು ಬಿಟ್ಟೆನೆಂದು ಎಂದೂ ಹೇಳದವರು. ಆದರೂ ಅವರ ದೇಹವನ್ನು ಸ್ಮಶಾನಕ್ಕೆ ಒಯ್ದು ಹಿಂದೂ ವಿಧಿಯಂತೆ ದಹನ ಮಾಡಲಾಯಿತು. ಅವರು ಕಡೆಗೂ ಯಾರವರಾಗಿ ಸತ್ತರು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಯೇಸುವನ್ನು ನಂಬುವುದು, ಆದರೆ ಚರ್ಚಿನ ಪಟ್ಟಿಯಲ್ಲಿ ಹೆಸರು ಬರೆಸದಿರುವುದು. ಇಲ್ಲವೇ ಹೆಸರು ಬರೆಸಿಯೂ ಅದರ ಅಧಿಕಾರಕ್ಕೆ ತಲೆಬಾಗದಿರುವುದು. ಈ ದಾರಿಗೆ ಭಾರತದಲ್ಲಿ ಇನ್ನೂರು ವರ್ಷಗಳ ಚರಿತ್ರೆಯಿದೆ. ಅದರ ಸುತ್ತ ಬೆಳೆದ ಚಿಂತನೆಗೂ ಅಷ್ಟೇ ವಯಸ್ಸು. ಒಂದು ಕಾಲಕ್ಕೆ ಆ ಚಿಂತನೆ ಬಿಸಿಯಾಗಿ ನಡೆದ ಊರು ಬೆಂಗಳೂರು. ಈ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಮಾತೊಂದಿದೆ. ಏಕಾಂತದ ಪ್ರಾರ್ಥನೆ ಮೇಲೋ ಸಭೆಯ ಆರಾಧನೆ ಮೇಲೋ ಎಂಬುದು ನಮ್ಮಲ್ಲಿ ಮೇಲುಮೇಲಿನ ವಾದ. ಯಾರ ಮನೆಯಲ್ಲಿ ಊಟ, ಯಾರ ಮನೆಯಿಂದ ಹೆಣ್ಣು, ಸತ್ತರೆ ಹೆಣಕ್ಕೆ ಹೆಗಲು ಕೊಡುವವರು ಯಾರು ಎಂಬುದೇ ಒಳಗಿನ ಪ್ರಶ್ನೆ. ಹಾಗಾಗಿಯೇ ಉತ್ತರ ಜಾತಿಯಿಂದ ಜಾತಿಗೆ, ಗಂಡಿನಿಂದ ಹೆಣ್ಣಿಗೆ ಬೇರೆಯಾಗುತ್ತಾ ಬಂತು.

ಯುರೋಪಿನ ಕಥೆ ಬೇರೆ. ಅಲ್ಲಿ ಇಡೀ ಸಮಾಜವೇ ಚರ್ಚು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಕ್ವೇಕರರು ಪಾದ್ರಿಯನ್ನೂ ಸಂಸ್ಕಾರಗಳನ್ನೂ ಬಿಟ್ಟು ಮೌನವಾಗಿ ಕೂತು ಪ್ರಾರ್ಥಿಸಿದಾಗ, 1855ರಲ್ಲಿ ಕೀರ್ಕೆಗಾರ್ಡ್ ಸಾಯುವ ಹೊತ್ತಿನಲ್ಲೂ ಪಾದ್ರಿಯ ಕೈಯಿಂದ ಪ್ರಸಾದ ಬೇಡವೆಂದಾಗ, ಅವರು ಎಲ್ಲರೂ ಇದ್ದ ಮನೆಯಿಂದ ಒಬ್ಬೊಬ್ಬರಾಗಿ ಹೊರಬಂದವರು. ಏಷ್ಯಾದಲ್ಲಿ ಚರ್ಚೇ ಹೊರಗಿನಿಂದ ಬಂದದ್ದು. ಉಪಾಧ್ಯಾಯರು ಹುಟ್ಟಿದ 1861ರಲ್ಲೇ ಹುಟ್ಟಿದ ಜಪಾನಿನ ಉಚಿಮುರಾ ಕಾನ್‌ಜೊ, 1901ರಲ್ಲಿ ‘ಮುಕ್ಯೋಕಾಯ್’ ಎಂಬ ಪತ್ರಿಕೆ ಶುರುಮಾಡಿ, ಕಟ್ಟಡ, ಪಾದ್ರಿ, ಸಂಸ್ಕಾರ ಒಂದೂ ಇಲ್ಲದೆ ಬೈಬಲ್ ಓದುವ ಕೂಟಗಳಿಗೆ ದಾರಿ ಮಾಡಿದರು. ಅವು ಇಂದಿಗೂ ಇವೆ.

ನಮ್ಮಲ್ಲಿ ಮೊದಲ ಹೆಜ್ಜೆ ಬಂಗಾಳದ್ದು. ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಯನ್ನಷ್ಟೇ ಆರಿಸಿ, ಪವಾಡಗಳನ್ನು ಬಿಟ್ಟು ಪುಸ್ತಕ ಮಾಡಿದಾಗ ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಕೆರಳಿದರು. ವಾದ ವರ್ಷಗಟ್ಟಲೆ ನಡೆಯಿತು. ರಾಯರಿಗೆ ಯೇಸು ಗುರು. ಕೇಶವಚಂದ್ರ ಸೇನರಿಗೆ ಅದಕ್ಕಿಂತ ಹತ್ತಿರದವನು. 1866ರ ಭಾಷಣದಲ್ಲಿ ಅವರು ಯೇಸು ಏಷ್ಯಾದವನು, ನಮ್ಮವನು ಎಂದರು. 1881ರಲ್ಲಿ ತಮ್ಮ ‘ನವವಿಧಾನ’ದಲ್ಲಿ ರೊಟ್ಟಿ-ದ್ರಾಕ್ಷಾರಸದ ಬದಲು ಅನ್ನ-ನೀರು ಇಟ್ಟು ಕರ್ತನ ಭೋಜನ ಆಚರಿಸಿದರು. ಪಾದ್ರಿಗಳಿಗೆ ಇದು ಅಪಚಾರವಾಗಿ ಕಂಡಿತು. ಬಂಗಾಳಿಯ ದಿನದ ಊಟವೇ ಅನ್ನವಾಗಿರುವಾಗ ಈ ಆಯ್ಕೆಯಲ್ಲಿ ನನಗೆ ಕಾಣುವುದು ಭಕ್ತಿ. ಸೇನರು ದೀಕ್ಷಾಸ್ನಾನ ಪಡೆಯಲಿಲ್ಲ.

ಪಡೆದವರೂ ಸುಮ್ಮನಿರಲಿಲ್ಲ. ಬ್ರಿಟನ್ನಿನಲ್ಲಿ ವೈದ್ಯಕೀಯ ಓದಿ ಬಂದ ಪುಲ್ನಿ ಆಂಡಿ 1886ರಲ್ಲಿ ಮದರಾಸಿನಲ್ಲಿ ‘ನ್ಯಾಷನಲ್ ಚರ್ಚ್’ ಕಟ್ಟಿದರು. ಮರುವರ್ಷ ಕಲ್ಕತ್ತೆಯಲ್ಲಿ ಕಾಳಿಚರಣ ಬ್ಯಾನರ್ಜಿ ಮತ್ತು ಸಂಗಡಿಗರ ‘ಕ್ರಿಸ್ತೋ ಸಮಾಜ’ ಬಂತು. ಅಲ್ಲಿ ಪಾದ್ರಿ ವರ್ಗವೇ ಇಲ್ಲ, ಸಂಸ್ಕಾರಗಳನ್ನು ನಡೆಸುವವರು ಸಾಮಾನ್ಯ ವಿಶ್ವಾಸಿಗಳೇ. ಎರಡೂ ಹೆಚ್ಚು ಕಾಲ ಬಾಳಲಿಲ್ಲ. ವಕೀಲಿಕೆ, ವೈದ್ಯವೃತ್ತಿಯ ಆದಾಯವಿದ್ದ ಕೆಲವರು ಇಂಥ ಸಮಾಜ ನಡೆಸಬಹುದಿತ್ತು. ಮಿಷನ್ನಿನ ಸಂಬಳದಲ್ಲೇ ಮನೆ ನಡೆಸುತ್ತಿದ್ದ ಉಪದೇಶಕರು, ಶಾಲಾ ಮಾಸ್ತರರು ಅವರ ಹಿಂದೆ ಹೋಗುವಂತಿರಲಿಲ್ಲ.

ಉಪಾಧ್ಯಾಯರ ಬಿಡಿಸಲಾಗದ ಗಂಟು ಈ ಪೀಳಿಗೆಯದ್ದೇ. ಸಮಾಜಧರ್ಮದಿಂದ ಹಿಂದೂ, ಸಾಧನಧರ್ಮದಿಂದ ಕ್ಯಾಥೊಲಿಕ್ ಎಂದು ಅವರು ತಮ್ಮನ್ನು ವಿವರಿಸಿಕೊಂಡರು. 1894ರಲ್ಲಿ ಕಾವಿ ಉಟ್ಟು, ‘ಸೋಫಿಯಾ’ ಪತ್ರಿಕೆ ತಂದು, ನರ್ಮದೆಯ ದಡದಲ್ಲಿ ಭಾರತೀಯ ಮಠ ಕಟ್ಟುವ ಕನಸು ಕಂಡರು. ಪೋಪರ ಪ್ರತಿನಿಧಿ ಅದಕ್ಕೆ ಒಪ್ಪಲಿಲ್ಲ, ಪತ್ರಿಕೆಗೂ ಅಡ್ಡಬಂದರು. ಸಿದ್ಧಾಂತದಲ್ಲಿ ಧರ್ಮಸಭೆಗೆ ಅಷ್ಟು ವಿಧೇಯನಾಗಿದ್ದ ಮನುಷ್ಯನನ್ನು ಆ ಸಭೆಯೇ ಹೊಸ್ತಿಲಾಚೆ ನಿಲ್ಲಿಸಿತು ಎಂಬುದು ನನಗೆ ಈಗಲೂ ನೋವಿನ ವಿಷಯ.

ಇಡೀ ಚರಿತ್ರೆಯಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಮಾತಾಡಿದವರು ಪಂಡಿತಾ ರಮಾಬಾಯಿ. ಕಾರ್ಕಳ ಬಳಿಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆಯವರ ಮಗಳು. ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡು ಕಾಡು ಸೇರಿದ್ದ ತಂದೆ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ, ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿದ್ದಾಗ, ರಮಾಬಾಯಿ ದೀಕ್ಷಾಸ್ನಾನ ಪಡೆದರು. ಆಮೇಲಿನ ಕೆಲವು ವರ್ಷ ಅವರಿಗೂ ಸಿಸ್ಟರ್ ಜೆರಾಲ್ಡಿನ್ ಅವರಿಗೂ ನಡೆದ ಪತ್ರವ್ಯವಹಾರ ಉಳಿದಿದೆ. ಈ ವಿಷಯದಲ್ಲಿ ಆಸಕ್ತಿಯುಳ್ಳವರು ಮೊದಲು ಓದಬೇಕಾದ್ದು ಅದನ್ನೇ.

ಆ ಪತ್ರಗಳ ಜಗಳಗಳು ಮೇಲುನೋಟಕ್ಕೆ ಸಣ್ಣವು. ಮೊಟ್ಟೆ ಹಾಕಿದ ಪುಡ್ಡಿಂಗ್ ತಾನು ತಿನ್ನುವುದಿಲ್ಲ ಎನ್ನುತ್ತಾರೆ ರಮಾಬಾಯಿ. ಸಿಸ್ಟರ್‌ಗೆ ಅದು ಜಾತಿಯ ಹಮ್ಮಿನ ಉಳಿಕೆಯಾಗಿ ಕಾಣುತ್ತದೆ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ತಮ್ಮ ಸಂಸ್ಕೃತಕ್ಕಿಂತ ಲ್ಯಾಟಿನ್ ಯಾವುದರಲ್ಲಿ ಪವಿತ್ರ ಎಂದು ರಮಾಬಾಯಿ ಕೇಳುತ್ತಾರೆ. ತ್ರಿತ್ವದ ಬಗ್ಗೆ, ಕ್ರಿಸ್ತನ ದೈವತ್ವದ ಬಗ್ಗೆ ಅರ್ಥವಾಗದ್ದನ್ನು ಒಪ್ಪಿದಂತೆ ನಟಿಸಲಾರೆ ಎನ್ನುತ್ತಾರೆ. ಇದು ಬಿಷಪರ ಮಾತು, ಧರ್ಮಸಭೆಯ ಮಾತು ಎಂದು ಸಿಸ್ಟರ್ ತೋರಿಸಿದಾಗ ರಮಾಬಾಯಿ ಕೊಟ್ಟ ಉತ್ತರದ ತಾತ್ಪರ್ಯ ಇದು: ಒಂದು ಪುರೋಹಿತ ವರ್ಗದ ನೊಗವನ್ನು ಬಹಳ ಕಷ್ಟಪಟ್ಟು ಈಗಷ್ಟೇ ಇಳಿಸಿದ್ದೇನೆ, ಅಂಥದ್ದೇ ಇನ್ನೊಂದಕ್ಕೆ ಕೊರಳೊಡ್ಡುವುದಿಲ್ಲ. ಇಪ್ಪತ್ತೇಳರ ವಿಧವೆ, ಕೈಯಲ್ಲೊಂದು ಮಗು, ಪರದೇಶದಲ್ಲಿ ಬೇರೆಯವರ ಆಸರೆ. ಅಂಥ ಸ್ಥಿತಿಯಲ್ಲಿ ಬರೆದ ಮಾತು. ಮಹಾರಾಷ್ಟ್ರಕ್ಕೆ ಮರಳಿ, ಬರಗಾಲದಲ್ಲಿ ಅನಾಥರಾದ ಹುಡುಗಿಯರನ್ನು ಕರೆತಂದು ಕೇಡಗಾಂವ್‌ನಲ್ಲಿ ಅವರು ಕಟ್ಟಿದ ‘ಮುಕ್ತಿ’ ದೊಡ್ಡ ಸಂಸ್ಥೆಯೇ ಆಯಿತು. ಒಳಗೆ ಚರ್ಚೂ ಇತ್ತು. ಯಾವ ಪಂಗಡದ ಬಿಷಪರಿಗೂ ಅದು ಅಧೀನವಾಗಿರಲಿಲ್ಲ.

ಇದಕ್ಕೂ ಮೊದಲಿನಿಂದಲೇ ಮಾಳದಿಂದ ಹೆಚ್ಚು ದೂರವಿಲ್ಲದ ಮಂಗಳೂರಿನಲ್ಲಿ ಇನ್ನೊಂದು ಕಥೆ ನಡೆದಿತ್ತು. ಚರ್ಚಿಲ್ಲದ ಭಕ್ತಿಯನ್ನು ಹೊಗಳಿ ಬರೆಯುವವರು ಇದನ್ನು ಹೆಚ್ಚಾಗಿ ಮರೆಯುತ್ತಾರೆ. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರು ಮನೆಯನ್ನು ಕಳೆದುಕೊಂಡರು. ಹೆಂಡತಿ ಅವರ ಬಳಿಗೆ ಬರಲಿಲ್ಲ. ಮುಂದೆ ಕೊಡಗಿನಲ್ಲಿ ಹೊಲೆಯ ಸಮುದಾಯದ ಕೂಲಿಗಳು ಕ್ರೈಸ್ತರಾದಾಗ ಅವರಿಗೆ ನೆಲೆ ಮಾಡಿಕೊಟ್ಟ ಊರಿಗೆ ಕೌಂಡಿನ್ಯರದೇ ಹೆಸರು ನಿಂತಿತು: ಆನಂದಪುರ. ದಕ್ಷಿಣ ಕನ್ನಡದ ಬಿಲ್ಲವರು ಸಭೆ ಸೇರಿದರೆ ಕಳ್ಳು ಇಳಿಸುವ ಕಸುಬು ಬಿಡಬೇಕು ಎಂಬುದು ಮಿಷನ್ನಿನ ಕಟ್ಟಳೆ. ಕಸುಬು ಬಿಟ್ಟರೆ ಊಟವಿಲ್ಲ. ಒಕ್ಕಲುತನವೂ ಕೈತಪ್ಪಿದರೆ ತಲೆಯ ಮೇಲೆ ಸೂರಿಲ್ಲ. ನೇಯ್ಗೆ ಕಾರ್ಖಾನೆ ಬಂದದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂದದ್ದು ಈ ಒತ್ತಡದಿಂದ. ಕೆಲಸ, ವಸತಿ, ಶಾಲೆ, ಆಸ್ಪತ್ರೆ, ಮಣ್ಣು ಮಾಡುವ ಜಾಗ ಎಲ್ಲವೂ ಸಭೆಯದ್ದೇ. ಅದಕ್ಕೆ ತಕ್ಕ ಬಿಗಿಯೂ ಇತ್ತು: ಭೂತದ ಕೋಲಕ್ಕೆ ಹೋದವನನ್ನು, ಕುಡಿದವನನ್ನು ಕರ್ತನ ಭೋಜನದಿಂದ ಹೊರಗಿಡುತ್ತಿದ್ದರು. ಆ ಶಿಸ್ತು ಉಸಿರುಗಟ್ಟಿಸುವಂಥದ್ದು, ನಿಜ. ಆದರೆ ಊರ ಬಾವಿಯ ಹತ್ತಿರ ಸುಳಿಯಲಾಗದಿದ್ದವನಿಗೆ ‘ಮನಸ್ಸಿನಲ್ಲೇ ನಂಬು, ಮನೆಯಲ್ಲೇ ಇರು’ ಎಂದು ಹೇಳುವುದರಲ್ಲಿ ಏನಿತ್ತು? ಅವನಿಗೆ ಬೇಕಾಗಿದ್ದದ್ದೇ ಹೊಸ ಊರು.

ಮರಾಠಿ ಕವಿ ನಾರಾಯಣ ವಾಮನ ಟಿಳಕರು ಈ ಎರಡು ದಡಗಳ ನಡುವೆ ಸೇತುವೆ ಕಟ್ಟಲು ನೋಡಿದರು. 1895ರಲ್ಲಿ ಕ್ರೈಸ್ತರಾಗಿ, ಎರಡು ದಶಕ ಅಮೆರಿಕನ್ ಮಿಷನ್ನಿನಲ್ಲಿ ದುಡಿದು, 1917ರಲ್ಲಿ ಸಂಬಳ ಬಿಟ್ಟು ಸಾತಾರೆಯಲ್ಲಿ ‘ದೇವಾಚಾ ದರ್ಬಾರ್’ ತೆರೆದರು. ದೀಕ್ಷಾಸ್ನಾನ ಆದವರೂ ಆಗದವರೂ ಅಲ್ಲಿ ಒಂದೇ ಚಾಪೆಯವರು. ಎರಡೇ ವರ್ಷಕ್ಕೆ ಟಿಳಕರು ತೀರಿಕೊಂಡದ್ದರಿಂದ ದರ್ಬಾರು ಬೇರುಬಿಡಲಿಲ್ಲ.

1930ರ ದಶಕದಲ್ಲಿ ರಾಜಕೀಯ ಹೊಕ್ಕಿತು. 1932ರ ಕೋಮುವಾರು ತೀರ್ಪು ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ದೀಕ್ಷಾಸ್ನಾನ ಎಂದರೆ ಇನ್ನು ಒಂದು ಮತ ಆ ಕಡೆಗೆ. ಚರ್ಚು ಕೋಮಾಗಿಬಿಟ್ಟಿತೆಂದು ಗುಜರಾತಿನ ಮಣಿಲಾಲ್ ಪಾರೇಖ್ ಕೊರಗಿದರು. ಅವರು ತಾವೇ ದೀಕ್ಷಾಸ್ನಾನ ಪಡೆದವರು. 1938ರ ಡಿಸೆಂಬರಿನಲ್ಲಿ ಜಗತ್ತಿನ ಮಿಷನರಿ ನಾಯಕರು ಮದರಾಸಿನ ತಾಂಬರಂನಲ್ಲಿ ಸೇರುವ ಹೊತ್ತಿಗೆ ಅಲ್ಲಿನ ಕೆಲವು ಭಾರತೀಯ ಕ್ರೈಸ್ತರು ‘ರಿಥಿಂಕಿಂಗ್ ಕ್ರಿಶ್ಚಿಯಾನಿಟಿ ಇನ್ ಇಂಡಿಯಾ’ ಎಂಬ ಸಂಕಲನ ಹೊರತಂದರು. ಮುಂದಾಳುಗಳಾದ ಪಿ. ಚೆಂಚಯ್ಯ ನ್ಯಾಯಾಧೀಶರು, ವಿ. ಚಕ್ಕರೈ ವಕೀಲರು, ಕಾರ್ಮಿಕ ನಾಯಕರು. ಚೆಂಚಯ್ಯನವರ ವಾದದಲ್ಲಿ ಯೇಸು ಒಂದು ಹೊಸ ಸೃಷ್ಟಿಯ ಆರಂಭ. ಚರ್ಚು ಎಂಬ ಸಂಸ್ಥೆ ಆ ಸೃಷ್ಟಿಗೆ ಅನಿವಾರ್ಯವಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಚರ್ಚೆ ಬೆಂಗಳೂರಿಗೆ ಬಂತು. 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಚರ್ಚಿನ ಇತಿಹಾಸ ಕಲಿಸುತ್ತಿದ್ದ ಡೆನ್ಮಾರ್ಕಿನ ಕಾಯ್ ಬೋಗೊ 1966ರಲ್ಲಿ ಒಂದು ಲೇಖನ ಬರೆದರು. ಕ್ರಿಸ್ತನಿಗೆ ಸೇರಬೇಕಾದರೆ ಹಿಂದೂ ಆದವನು, ಬೌದ್ಧನಾದವನು ಕ್ರೈಸ್ತ ಸಂಸ್ಥೆಗೆ ಸೇರಲೇಬೇಕೆ ಎಂಬುದು ಅದರ ಪ್ರಶ್ನೆ. ಆಂಧ್ರದ ಮುನಿಪಲ್ಲೆಯ ಕೆ. ಸುಬ್ಬರಾವ್ ಅವರ ಬಗ್ಗೆ ಮೊದಲು ಬರೆದವರಲ್ಲೂ ಬೋಗೊ ಒಬ್ಬರು. 1942ರಲ್ಲಿ ಕಾಯಿಲೆ ಬಿದ್ದಿದ್ದಾಗ ಕ್ರಿಸ್ತದರ್ಶನವಾಯಿತು ಎಂದ ಈ ಶಾಲಾ ಮಾಸ್ತರರು ದೀಕ್ಷಾಸ್ನಾನವನ್ನೂ ಪಾದ್ರಿಗಳನ್ನೂ ಖಂಡತುಂಡವಾಗಿ ನಿರಾಕರಿಸಿದರು, ತೆಲುಗಿನಲ್ಲಿ ಹಾಡು ಕಟ್ಟಿದರು, ರೋಗಿಗಳಿಗಾಗಿ ಪ್ರಾರ್ಥಿಸಿದರು. ಜನ ನೆರೆದರು, ಹಾಡಿನ ಪುಸ್ತಕ ಬಂತು, ಕೂಟಗಳು ಬಂದವು. ಇಬ್ಬರು ಮೂವರು ಕೂಡಿ ಹಾಡಲು ಶುರುಮಾಡಿದ ಕಡೆ ಸಭೆ ಹುಟ್ಟದೇ ಇರುವುದಿಲ್ಲ ಎಂಬುದಕ್ಕೆ ಮುನಿಪಲ್ಲೆಯೇ ಸಾಕ್ಷಿ.

ಬೆಂಗಳೂರಿನ ಇನ್ನೊಂದು ಸಂಸ್ಥೆ, 1957ರಲ್ಲಿ ಹುಟ್ಟಿದ ‘ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆ’. ಅದರ ನಿರ್ದೇಶಕ ಎಂ.ಎಂ. ಥಾಮಸ್ ಮತ್ತು ಮದರಾಸಿನ ಬಿಷಪ್ ಲೆಸ್ಲಿ ನ್ಯೂಬಿಗಿನ್ ನಡುವೆ 1970ರ ಸುಮಾರಿಗೆ ನಡೆದ ವಾದ ಈ ಕ್ಷೇತ್ರದ ಅತಿ ಒಳ್ಳೆಯ ಅಧ್ಯಾಯ. ದೀಕ್ಷಾಸ್ನಾನ ಭಾರತದಲ್ಲಿ ಕೋಮು ಬದಲಿಸುವ ಗುರುತಾಗಿದೆ, ಆದ್ದರಿಂದ ಹಿಂದೂ ಸಮಾಜದ ಒಳಗೇ ಕ್ರಿಸ್ತಕೇಂದ್ರಿತ ಬಳಗಗಳು ಬೆಳೆಯಲಿ ಎಂದರು ಥಾಮಸ್. ದೇಹವಿರುವ ಮನುಷ್ಯನಿಗೆ ದೇಹವಿಲ್ಲದ ನಂಬಿಕೆ ಸಾಲದು, ಅದು ಕಣ್ಣಿಗೆ ಕಾಣುವ ಬಳಗವನ್ನು ಬೇಡುತ್ತದೆ ಎಂಬ ಅರ್ಥದಲ್ಲಿ ನ್ಯೂಬಿಗಿನ್ ಉತ್ತರಿಸಿದರು. ನನಗೆ ಥಾಮಸರ ಧೈರ್ಯ ಇಷ್ಟ, ಆದರೆ ಹೆಚ್ಚು ಕಾಡುವುದು ನ್ಯೂಬಿಗಿನ್ ಮಾತು.

ಇಬ್ಬರೂ ಬಿಟ್ಟದ್ದನ್ನು ಕಾನೂನು ತುಂಬಿತು. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಇಂದಿಗೂ ಇಲ್ಲ. ಚರ್ಚಿನ ರಿಜಿಸ್ಟರಿನ ಒಂದು ಸಾಲು ಮಕ್ಕಳ ಓದನ್ನೂ ನೌಕರಿಯನ್ನೂ ನಿರ್ಧರಿಸುವಂತಾಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ದೀಕ್ಷಾಸ್ನಾನ ಪಡೆದು ಚರ್ಚಿಗೆ ನಡೆದುಕೊಳ್ಳುವವರು ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಮನೆಯೊಳಗೇ ಉಳಿದುಬಿಡುವ ಭಕ್ತಿಗೆ ಈಗ ಬಡವರಲ್ಲೂ ಕಾರಣವಿದೆ. ಅವರು ಆರಿಸಿಕೊಂಡದ್ದಲ್ಲ, ಅವರ ಮೇಲೆ ಹೇರಿದ್ದು. ಚರ್ಚಿನೊಳಗೆ ಉಳಿದವರಿಗೂ ಸಮಾನತೆ ಸಿಕ್ಕಿದೆಯೇ ಎಂದರೆ, ತಿರುಚಿರಾಪಳ್ಳಿಯ ಮೇಲಪುದೂರು ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಿ ಎಬ್ಬಿಸಿದ ಗೋಡೆಯನ್ನು ನೆನೆಯಬೇಕು.

ಮುಂದಿನ ಅಧ್ಯಯನಗಳು ಸಿದ್ಧಾಂತ ಬಿಟ್ಟು ಜನರ ಮನೆಗೆ ಹೋದವು. ಮದರಾಸಿನಲ್ಲಿ ಕಲಿಸುತ್ತಿದ್ದ ಲೂಥರನ್ ಪಂಡಿತ ಹರ್ಬರ್ಟ್ ಹೋಫರ್ 1991ರಲ್ಲಿ ‘ಚರ್ಚ್‌ಲೆಸ್ ಕ್ರಿಶ್ಚಿಯಾನಿಟಿ’ ಪ್ರಕಟಿಸಿ, ದೀಕ್ಷಾಸ್ನಾನವಿಲ್ಲದೆ ಯೇಸುವೊಬ್ಬನನ್ನೇ ಪೂಜಿಸುವ ದೊಡ್ಡ ಸಮೂಹವನ್ನು ತೋರಿಸಿದರು. ಅವರಲ್ಲಿ ಹೆಂಗಸರು ಬಹಳ. ಎಲೈಜಾ ಕೆಂಟ್ ಅವರ ಸಂಶೋಧನೆ ಶಿವಕಾಶಿಯ ನಾಡಾರ್ ಕುಟುಂಬಗಳ ರಹಸ್ಯ ವಿಶ್ವಾಸಿನಿಯರದ್ದು. ಗಂಡ, ಅತ್ತೆ-ಮಾವಂದಿರ ಮನೆಯಲ್ಲಿ ಇದ್ದುಕೊಂಡೇ, ಬಹಿರಂಗವಾಗಿ ಹೇಳದೆ, ತಾಯಿಯಿಂದ ಮಗಳಿಗೆ ನಂಬಿಕೆಯನ್ನು ದಾಟಿಸಿದವರು. ಯಾರ ಲೆಕ್ಕಕ್ಕೂ ಸಿಗದ ಈ ಹೆಂಗಸರ ಮುಂದೆ ಚೆಂಚಯ್ಯನವರ ತರ್ಕವೂ ಬೋಗೊ ಅವರ ತರ್ಕವೂ ನನಗೆ ಗಂಡಸರ ಹಜಾರದ ಮಾತಾಗಿ ಕೇಳುತ್ತವೆ.

ವಾರಾಣಸಿಯ ಮಾತೃಧಾಮ ಆಶ್ರಮಕ್ಕೆ ತಿಂಗಳ ಎರಡನೇ ಶನಿವಾರ ಸಾವಿರಾರು ‘ಖ್ರೀಸ್ತ ಭಕ್ತ’ರು ಬರುತ್ತಾರೆ. ಕೆರ‍್ರಿ ಸಾನ್ ಕಿರಿಕೊ ಅವರು 2023ರ ಪುಸ್ತಕದಲ್ಲಿ ಇವರನ್ನು ಹತ್ತಿರದಿಂದ ಬರೆದಿದ್ದಾರೆ. ಹೆಚ್ಚಿನವರು ಹಳ್ಳಿಯ ಬಡವರು, ದಲಿತರು, ಹಿಂದುಳಿದವರು, ಬಹುಪಾಲು ಹೆಂಗಸರು. ಪೂಜೆಗೆ ಕೂರುತ್ತಾರೆ, ಹಾಡುತ್ತಾರೆ, ಬೇನೆ ಹೇಳಿಕೊಂಡು ಅಳುತ್ತಾರೆ. ದೀಕ್ಷಾಸ್ನಾನವಾಗಿಲ್ಲದ್ದರಿಂದ ಪರಮಪ್ರಸಾದ ಮಾತ್ರ ಅವರಿಗಿಲ್ಲ. ಈ ಚಳವಳಿ ಶುರುವಾಗಿ ಮೂರು ದಶಕವಾಯಿತು, ಮೊದಲು ಬಂದವರ ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದಾರೆ. ಆ ಮದುವೆಗಳು ಯಾರ ಅಂಗಳದಲ್ಲಿ, ಯಾವ ವಿಧಿಯಿಂದ ಆಗುತ್ತವೆ, ಸೊಸೆಯಾಗಿ ಹೋದ ಹುಡುಗಿ ಎರಡನೇ ಶನಿವಾರ ಬರುತ್ತಾಳೋ ಇಲ್ಲವೋ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯುವ ಕೆಲಸ ಇನ್ನು ಮುಂದಿನದು.