ಪ್ರತಿಫಲಿತ ಉಪಗ್ರಹಸಂಕೇತಗಳೂ ಕಡಲಲೆಯ ಎತ್ತರವೂ: ಒಂದು ವಿವೇಚನೆ

ನಾವಿಕರಿಗೂ ವೈಮಾನಿಕರಿಗೂ ದಿಕ್ಕುದೆಸೆಗಳನ್ನು ತಿಳಿಸಲೆಂದು ಆಕಾಶದಲ್ಲಿ ನೆಲೆಗೊಳಿಸಿದ ಉಪಗ್ರಹಗಳ ರೇಡಿಯೋ ಸಂಕೇತಗಳು, ಸಮುದ್ರವನ್ನು ತಾಗಿ ಮೇಲಕ್ಕೆ ಚಿಮ್ಮುವಾಗ ಆ ಸಮುದ್ರದ ಸ್ಥಿತಿಯ ಗುರುತನ್ನೂ ಹೊತ್ತು ಬರುತ್ತವೆಂಬುದು ಈಗ ವಿವಾದಾತೀತವಾದ ಸಂಗತಿ. ಆದರೆ ಆ ಗುರುತು ಅಲೆಯ ಎತ್ತರದ್ದೋ ಅದರ ಮೈಯ ಪ್ರವಣತೆಯದೋ ಎಂಬ ಪ್ರಶ್ನೆಯನ್ನು ಬಿಡಿಸಿ ಕೇಳದೆ, ಇದನ್ನು ಅಲೆಗಳನ್ನಳೆಯುವ ವಿಧಾನವೆಂದು ಒಂದೇ ಮಾತಿನಲ್ಲಿ ಸಾರುವುದು ಅವಿಚಾರಿತವೆಂದು ಈ ಲೇಖಕನ ಎಣಿಕೆ.

ಈ ವಿದ್ಯೆಯ ಮೂಲವು ರೇಡಿಯೋ ಸಂಕೇತದಲ್ಲಿಲ್ಲ, ಸೂರ್ಯಪ್ರಕಾಶದಲ್ಲಿದೆ. ನಿಶ್ಚಲವಾದ ನೀರಿನಲ್ಲಿ ಸೂರ್ಯಬಿಂಬವು ಒಂದೇ ಆಗಿ ಕಾಣುವುದು. ಗಾಳಿ ಎದ್ದೊಡನೆ ಅದು ಒಡೆದು, ತಕ್ಕ ಓರೆಯಲ್ಲಿ ನಿಂತ ಒಂದೊಂದು ಜಲಫಲಕದಿಂದಲೂ ಒಂದೊಂದು ಕಿಡಿಯಾಗಿ ಹೊಳೆದು, ಅಗಲವಾದ ಮಿನುಗುಪಟ್ಟಿಯಾಗಿ ಹರಡುವುದು. ಹವಾಯಿ ದ್ವೀಪಗಳ ಬಳಿಯ ಕಡಲಿನ ಈ ಮಿನುಗನ್ನು ವಿಮಾನದಿಂದ ಛಾಯಾಚಿತ್ರಗಳಲ್ಲಿ ಹಿಡಿದ ಚಾರ್ಲ್ಸ್ ಕಾಕ್ಸ್ ಮತ್ತು ವಾಲ್ಟರ್ ಮಂಕ್ ಎಂಬ ವಿದ್ವಾಂಸರು, ಅದರ ಹರವಿನಿಂದ ಜಲಫಲಕಗಳ ಪ್ರವಣತೆಯನ್ನು ಗಣಿಸಿ, ಪ್ರವಣತೆಯ ವರ್ಗದ ಸರಾಸರಿಯು ಗಾಳಿಯ ವೇಗದೊಡನೆ ಸರಳರೇಖೆಯಲ್ಲಿ ಏರುವುದೆಂದು 1954ರಲ್ಲಿ ಪ್ರಕಟಿಸಿದರು. ಸೂರ್ಯನ ಸ್ಥಾನದಲ್ಲಿ 20,200 ಕಿಲೋಮೀಟರು ಎತ್ತರದ ಜಿಪಿಎಸ್ ಉಪಗ್ರಹವನ್ನೂ, ಕ್ಯಾಮೆರಾದ ಸ್ಥಾನದಲ್ಲಿ ಕೆಳಗಿನ ಕಕ್ಷೆಯಲ್ಲಿ ಸುತ್ತುವ ಗ್ರಾಹಕಯಂತ್ರವನ್ನೂ ಇಟ್ಟರೆ ಇಂದಿನ ವಿಧಾನದ ಸ್ವರೂಪ ದೊರೆಯುತ್ತದೆ. ಭೇದವಿಷ್ಟೆ: ಇಲ್ಲಿನ ‘ಬೆಳಕಿನ’ ತರಂಗದೂರ 19 ಸೆಂಟಿಮೀಟರು, ಮಿನುಗುಪಟ್ಟಿಯನ್ನು ಚಿತ್ರವಾಗಿ ನೋಡದೆ, ಪ್ರತಿಧ್ವನಿಯ ವಿಳಂಬ ಮತ್ತು ಡಾಪ್ಲರ್ ಪಲ್ಲಟಗಳಾಗಿ ವಿಂಗಡಿಸಿ ಓದಬೇಕು.

ಇಂಥ ಪ್ರತಿಫಲನಗಳಿಂದ ಸಮುದ್ರದ ಮಟ್ಟವನ್ನಳೆಯಬಹುದೆಂದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮಾನ್ವೆಲ್ ಮಾರ್ಟಿನ್-ನೇಯ್ರಾ 1993ರಲ್ಲಿ ಸೂಚಿಸಿದರು. 2016ರ ಡಿಸೆಂಬರಿನಲ್ಲಿ ಅಮೆರಿಕವು ಹಾರಿಸಿದ ಸಿಗ್ನಸ್ ಎಂಬ ಎಂಟು ಕಿರು ಉಪಗ್ರಹಗಳ ಸಮೂಹವು, ತಾನಾಗಿ ಯಾವ ಸಂಕೇತವನ್ನೂ ಹೊರಡಿಸದೆ, ಧಾರಾಕಾರದ ಮಳೆಯನ್ನೂ ತೂರಿಬರುವ ಈ ಸಂಕೇತಗಳಿಂದಲೇ ಚಂಡಮಾರುತದ ಒಡಲಿನ ಗಾಳಿಯನ್ನು ಗಣಿಸತೊಡಗಿತು. ಆದರೆ ಗಣಿಸಿದ್ದು ಗಾಳಿಯನ್ನು, ಅಲೆಯನ್ನಲ್ಲ. ಅದರಲ್ಲಿಯೂ ಪೂರ್ಣವಾಗಿ ಬಲಿತ ಸಮುದ್ರಕ್ಕೆ ಒಂದು, ಚಂಡಮಾರುತದಲ್ಲಿ ಆಗತಾನೆ ಎದ್ದ ಎಳೆಯ ಸಮುದ್ರಕ್ಕೆ ಮತ್ತೊಂದು ಎಂದು ಎರಡು ಪ್ರತ್ಯೇಕ ಸೂತ್ರಗಳನ್ನು ಕಟ್ಟಬೇಕಾಗಿ ಬಂದುದು, ಗಾಳಿಗೂ ಅಲೆಗೂ ಇರುವ ಸಂಬಂಧವು ಎಲ್ಲ ಕಾಲಕ್ಕೂ ಒಂದೇ ಅಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಈ ಸಂಬಂಧ ಸಂಪೂರ್ಣವಾಗಿ ಕಡಿದುಹೋಗುವ ಸಂದರ್ಭವೂ ಉಂಟು. ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ, ಸಾವಿರಾರು ಕಿಲೋಮೀಟರು ಸಾಗಿ, ಇಲ್ಲಿ ಗಾಳಿಯ ಸುಳಿವೇ ಇಲ್ಲದ ದಿನ ದಡವನ್ನೇರುವ, ಕೇರಳದ ಬೆಸ್ತರು ಕಳ್ಳಕ್ಕಡಲ್ ಎಂದು ಕರೆಯುವ ಉಬ್ಬಲೆಯನ್ನೇ ತೆಗೆದುಕೊಳ್ಳೋಣ. ಆವರ್ತಕಾಲವು 18 ಸೆಕೆಂಡು ಇದ್ದರೆ ಆಳವಾದ ನೀರಿನಲ್ಲಿ ಅದರ ಶಿಖರದಿಂದ ಶಿಖರಕ್ಕೆ ಸುಮಾರು 500 ಮೀಟರು ದೂರ. ಎತ್ತರ 2 ಮೀಟರೆಂದಿಟ್ಟುಕೊಂಡರೆ ಪ್ರವಣತೆಯ ವರ್ಗದ ಸರಾಸರಿ 0.00008 ಮಾತ್ರ. ಸೆಕೆಂಡಿಗೆ 10 ಮೀಟರು ವೇಗದ ಸಾಮಾನ್ಯವಾದ ಗಾಳಿಗೆ ಕಾಕ್ಸ್–ಮಂಕ್ ಸೂತ್ರವು ಕೊಡುವ ಬೆಲೆಯಾದರೋ 0.054, ತೀರ ಸಣ್ಣ ತೆರೆಗಳು ರೇಡಿಯೋ ತರಂಗಕ್ಕೆ ಗೋಚರವಾಗವೆಂದು ಇದನ್ನು ಅರ್ಧಕ್ಕಿಳಿಸಿದರೂ ಉಬ್ಬಲೆಯ ಪಾಲಿಗಿಂತ ಇದು ನೂರಾರು ಪಟ್ಟು ಹೆಚ್ಚು. ದಡದ ಮನೆಗಳಿಗೆ ನೀರು ನುಗ್ಗಿಸುವ ಅಲೆಯೇ ಪ್ರವಣತೆಯ ಲೆಕ್ಕದಲ್ಲಿ ಇಲ್ಲದಂತಾಗುತ್ತದೆ.

ಹಾಗಾದರೆ ಎತ್ತರವನ್ನು ನೇರವಾಗಿ ಓದಲಾಗದೆ? ಭಾರತ ಮತ್ತು ಫ್ರಾನ್ಸ್ ಕೂಡಿ 2013ರಲ್ಲಿ ಹಾರಿಸಿದ ಸರಳ್ ಉಪಗ್ರಹದಂಥವು, ತಮ್ಮ ನೇರ ಕೆಳಗಿನ ಕಡಲಿನಿಂದ ಮರಳುವ ಪ್ರತಿಧ್ವನಿಯ ಏರಿಕೆ ಎಷ್ಟು ನಿಧಾನವೆಂಬುದರಿಂದ ಅಲೆಯ ಎತ್ತರವನ್ನು ಹೇಳುತ್ತವೆ. ಅವುಗಳ ಅಳತೆಗೋಲಿನ ಒಂದು ಗೆರೆ ಸುಮಾರು 30 ಸೆಂಟಿಮೀಟರಿನದು. ಜಿಪಿಎಸ್‌ನ ಸಾರ್ವಜನಿಕ ಸಂಕೇತದಲ್ಲಿ ಅಂಥ ಒಂದು ಗೆರೆಗೆ 293 ಮೀಟರು. ಇಂಥ ಕೋಲಿನಿಂದ 2 ಮೀಟರಿನ ಅಲೆಯನ್ನಳೆಯಹೊರಡುವುದು ಕಲ್ಲುಗಾಡಿಯ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ.

ಗ್ರಾಹಕವನ್ನು ಆಕಾಶದಿಂದಿಳಿಸಿ ದಡದ ಕಂಬವೊಂದರ ಮೇಲಿಟ್ಟರೆ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಉಪಗ್ರಹವು ದಿಗಂತದಿಂದ 5 ಡಿಗ್ರಿ ಮೇಲಿದ್ದಾಗ, 1 ಮೀಟರು ಅಲೆಯ ಶಿಖರದಿಂದಲೂ ತಳದಿಂದಲೂ ಮರಳುವ ಕಿರಣಗಳ ದಾರಿಯ ಅಂತರ 17 ಸೆಂಟಿಮೀಟರು, ಅಂದರೆ ಒಂದು ತರಂಗದೂರಕ್ಕೂ ಕಡಿಮೆ; ಅದು ನೆತ್ತಿಗೆ ಬಂದಾಗ 2 ಮೀಟರು, ಅಂದರೆ ಹತ್ತು ತರಂಗದೂರಗಳಿಗೂ ಮಿಗಿಲು. ಆದಕಾರಣ ಕೆಳಗಿನ ಕೋನಗಳಲ್ಲಿ ಕಡಲು ಕನ್ನಡಿಯಂತೆ ವರ್ತಿಸಿ, ನೇರಸಂಕೇತವೂ ಪ್ರತಿಫಲಿತವೂ ಬೆರೆತು ಕ್ರಮವಾದ ಏರಿಳಿತವೊಂದು ಮೂಡುತ್ತದೆ. ಅಲಾಸ್ಕದ ಕಾಚೆಮಾಕ್ ಕೊಲ್ಲಿಯ ಬಳಿ ಭೂಮಾಪನಕ್ಕೆಂದು ನಿಲ್ಲಿಸಿದ್ದ ಗ್ರಾಹಕದಿಂದ ಕ್ರಿಸ್ಟಿನ್ ಲಾರ್ಸನ್ ಮತ್ತು ಅವರ ಸಹೋದ್ಯೋಗಿಗಳು ಉಬ್ಬರವಿಳಿತಗಳನ್ನು ಗಣಿಸಿದ್ದು ಇಂಥದೇ ಏರಿಳಿತದಿಂದ. ಉಪಗ್ರಹವು ಮೇಲೇರುತ್ತಿರುವಾಗ ಆ ಕ್ರಮವು ಯಾವ ಕೋನದಲ್ಲಿ ಅಳಿದುಹೋಗುವುದೋ ಆ ಕೋನವೇ ಅಲೆಯ ಎತ್ತರವನ್ನು ತಿಳಿಸುವುದು; ಇಲ್ಲಿ ಪ್ರವಣತೆಯ ಮಧ್ಯಸ್ಥಿಕೆ ಬೇಕಿಲ್ಲ.

ನಮ್ಮ ಕರಾವಳಿಗೆ ಈ ಬಗೆಯಲ್ಲಿ ಒಂದು ವಿಶೇಷ ಅನುಕೂಲವಿದೆ. ಜಿಪಿಎಸ್‌ನಂತೆಯೇ ದಿಕ್ಕುದೆಸೆ ತಿಳಿಸುವ ಭಾರತದ ನಾವಿಕ್ ಉಪಗ್ರಹವ್ಯವಸ್ಥೆಯಲ್ಲಿ 32.5 ಡಿಗ್ರಿ ಪೂರ್ವ ರೇಖಾಂಶದ ಭೂಸ್ಥಿರ ಸ್ಥಾನವು ಮಲ್ಪೆಯಲ್ಲಿ ನಿಂತವನಿಗೆ ಕಡಲಿನ ಕಡೆಗೆ, ಸುಮಾರು 40 ಡಿಗ್ರಿ ಎತ್ತರದಲ್ಲಿ ಬೀಳುತ್ತದೆ. ಅಲ್ಲಿಂದ ಬರುವ ಸಂಕೇತವು ಹಗಲಿರುಳೂ ನೀರಿನ ಒಂದೇ ತಾಣದಿಂದ ಪ್ರತಿಫಲಿಸುವುದು. ಅಷ್ಟು ಎತ್ತರದ ಕೋನದಲ್ಲಿ ಕನ್ನಡಿಯ ಗುಣ ಉಳಿಯಲಾರದೆಂಬುದು ನಿಜ. ಆದರೆ ಪ್ರತಿಫಲಿತ ಸಂಕೇತವು ಎಷ್ಟು ಬೇಗ ತನ್ನ ಹಿಂದಿನ ರೂಪವನ್ನು ಮರೆಯುವುದೆಂಬುದನ್ನು ಗಮನಿಸಬಹುದು, ಮತ್ತು ಆ ಶೀಘ್ರತೆಯು ಎತ್ತರವನ್ನು ಆವರ್ತಕಾಲದಿಂದ ಭಾಗಿಸಿದ ಪ್ರಮಾಣವನ್ನು ಅನುಸರಿಸುತ್ತದೆ. 6 ಸೆಕೆಂಡಿನ 2 ಮೀಟರು ಅಲೆ ಕೊಡುವ ಉತ್ತರವನ್ನೇ 18 ಸೆಕೆಂಡಿನ 6 ಮೀಟರು ಅಲೆಯೂ ಕೊಡುವುದರಿಂದ, ಆವರ್ತಕಾಲವನ್ನು ತಿಳಿಸುವ ತೇಲುಮಾಪಕವೊಂದನ್ನು ಅದೇ ನೀರಿನಲ್ಲಿ ಕನಿಷ್ಠ ಒಂದು ಮುಂಗಾರು ಮುಗಿಯುವವರೆಗಾದರೂ ಜೊತೆಗಿರಿಸದೆ ಈ ಅಳತೆಗೆ ಅಂಕಿಗಳನ್ನು ಬರೆಯಲಾಗದು.